ಕೊಟ್ಟದ್ದು ಎರಡು, ಕೇಳಿದ್ದು ಒಂದು

ನಮ್ಮೂರಿನಲ್ಲಿ ಕಾಫಿ ಆರದೇ ಹೋದ ವರ್ಷ ತಪ್ಪು ಓದುವ ಕೆಲಸದಲ್ಲಿ ಇದ್ದವನು ನಾನೇ. ಆದ್ದರಿಂದ ಈ ಕಥೆ ಹೇಳುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ. ಬೇರೆಯವರೂ ಹೇಳುತ್ತಾರೆ. ಪದ್ದಣ್ಣನ ಹೋಟೆಲಿನಲ್ಲಿ ಅರ್ಧ ಗಂಟೆ ಕೂತರೆ ಮೂರು ಬಗೆಯಲ್ಲಿ ಕೇಳಬಹುದು. ಅವರು ಹೇಳುವುದರಲ್ಲಿ ಉಪ್ಪುಖಾರ ಹೆಚ್ಚು, ಅಷ್ಟೇ.

ಬೇಸಿಗೆಯ ಮೊದಲ ವಾರದಲ್ಲಿ ನಾವು ಊರಿನ ತಿರುಳನ್ನು ಹೊಸದಾಗಿ ಕಟ್ಟುತ್ತೇವೆ. ಕರ್ನೆಲ್ ಎಂಬ ಹೆಸರು ಅದನ್ನು ಕಟ್ಟುವ ಜೋಡಣೆಮನೆಯ ಬಾಗಿಲ ಹಲಗೆಯ ಮೇಲಿದೆ, ಬಾಯಲ್ಲಿ ಎಲ್ಲರಿಗೂ ಅದು ತಿರುಳೇ. ಬಾವಿಯ ನೀರು ಮೇಲೆ ಬರುವುದು, ಗಂಟೆ ಹೊಡೆಯುವುದು, ಹಿಟ್ಟು ಉಬ್ಬುವುದು, ಎಲ್ಲಕ್ಕೂ ಅದರಲ್ಲಿ ಜಾಗವಿದೆ. ಒಂದೊಂದು ಮನೆಗೆ ಒಂದೊಂದು ಕಡತ. ಗಾಣದ ಮನೆಯವರ ಕಡತದಿಂದ ಎಣ್ಣೆ ಜಾರುತ್ತದೆ, ಮಗ್ಗದ ಮನೆಯವರ ಕಡತದಿಂದ ಗಂಟು ನಿಲ್ಲುತ್ತದೆ. ಅಪ್ಪನಿಂದ ಮಗನಿಗೆ, ಅತ್ತೆಯಿಂದ ಸೊಸೆಗೆ ಬಂದ ಬರಹ ಅದು. ಜನ ಬರೆದದ್ದನ್ನು ಓದಿ ಯಂತ್ರಕ್ಕೆ ತಿಳಿಯುವ ತುಂಡು ಮಾಡಿಕೊಡುವುದು ಕಂಪೈಲರ್. ಆ ತುಂಡುಗಳನ್ನು ಒಂದಕ್ಕೊಂದು ಹೊಲಿದರೆ ತಿರುಳು. ಮೂರು ದಿನದ ಕೆಲಸ. ಅಷ್ಟರಲ್ಲಿ ಮುಗಿಯಲೇಬೇಕು, ಏಕೆಂದರೆ ವರ್ಷ ತುಂಬಿದ ಹಳೆಯ ತಿರುಳು ಅದಕ್ಕಿಂತ ಹೆಚ್ಚು ತಡೆಯುವುದಿಲ್ಲ. ಮೊದಲು ಗಂಟೆ ತಡವಾಗುತ್ತದೆ, ಆಮೇಲೆ ಬಾವಿಗೆ ಬಿಟ್ಟ ಕೊಡ ಒಣಗಿದ್ದೇ ಮೇಲೆ ಬರುತ್ತದೆ.

ಕಂಪೈಲರ್ ಎಲ್ಲಾದರೂ ಎಡವಿದರೆ ಒಂದು ಸಾಲು ಉಗುಳುತ್ತದೆ. ಅದನ್ನು ಜೋಡಣೆಮನೆಯ ಜಗಲಿಯ ಮೇಲೆ ನಿಂತು ಗಟ್ಟಿಯಾಗಿ ಓದುವುದು ನನ್ನ ಕೆಲಸ. ಯಾವ ಮನೆ, ಎಷ್ಟನೇ ಸಾಲು, ಏನು ತಪ್ಪು. ಹೆಸರು ಬಂದ ಮನೆಯವರು ಓಡಿ ಬಂದು ಅಲ್ಲೇ ಕೂತು ತಿದ್ದಿ, ಜಗಲಿಯಲ್ಲಿದ್ದವರಿಗೆಲ್ಲ ಪಾನಕ ಕೊಡಬೇಕು. ಓದುವವನ ದನಿಯಲ್ಲಿ ಏರಿಳಿತ ಇರಕೂಡದು ಎಂಬುದು ಕಟ್ಟಳೆ. ನನ್ನ ಮನೆಯ ಹೆಸರು ಬಂದಾಗಲೂ ಹಾಗೇ ಓದಿ, ಆಮೇಲೆ ಹೋಗಿ ಬೆಲ್ಲ ಕುಟ್ಟಿದ್ದೇನೆ.

ಜೋಡಣೆಮನೆಯ ಬೀಗದ ಕೈ ದೇವೀರಮ್ಮನ ಸೊಂಟದಲ್ಲಿತ್ತು. ಐವತ್ತೈದು ದಾಟಿದ ಹೆಂಗಸು, ಮಾತು ಕಡಿಮೆ, ಕಣ್ಣು ಚುರುಕು. ಗಂಡ ಓಂಕಾರಪ್ಪ ಪೇಟೆ ಬೀದಿಯಲ್ಲಿ ದರ್ಜಿ. ಮನೆಯಲ್ಲಿ ಇವರಿಬ್ಬರೇ. ನಾನು ಅವಳನ್ನು ಅಕ್ಕ, ಅವನನ್ನು ಭಾವ ಎನ್ನುತ್ತಿದ್ದದ್ದು ರಕ್ತಸಂಬಂಧದಿಂದಲ್ಲ, ಹದಿನೆಂಟು ವರ್ಷ ಅವಳ ಕೈಕೆಳಗೆ ದುಡಿದ ಸಲಿಗೆಯಿಂದ. ಕಂಪೈಲರ್ ಒಮ್ಮೊಮ್ಮೆ ಒಂದೇ ಉಸಿರಿಗೆ ಇನ್ನೂರು ತಪ್ಪು ಉಗುಳುತ್ತದೆ. ಹೊಸದರಲ್ಲಿ ನಾನು ಎಲ್ಲವನ್ನೂ ಓದಿ ಅರ್ಧ ಊರನ್ನು ಜಗಲಿಗೆ ಕರೆಸಿಬಿಟ್ಟಿದ್ದೆ. "ಮೊದಲ್ನೇದು ಒಂದೇ ಓದೋ ಚೆಲುವ," ಎಂದಿದ್ದಳು. "ಮಿಕ್ಕಿದ್ದೆಲ್ಲ ಅದರ ಮಕ್ಳು. ತಾಯಿ ಸುಮ್ನಾದ್ರೆ ಅವೂ ಸುಮ್ನಾಗ್ತವೆ."

ಆ ವರ್ಷ ಎರಡನೆಯ ದಿನ ದೀಪದ ಮನೆಯ ಹದಿನೇಳನೇ ಸಾಲಿನಲ್ಲಿ ತಪ್ಪು ಬಂತು. ಸೊಸೆ ಬಂದು ತಿದ್ದಿದಳು. ಮತ್ತೆ ಅದೇ ತಪ್ಪು. ಮತ್ತೆ ತಿದ್ದಿದಳು, ಮತ್ತೆ ಅದೇ. ಮೂರನೆಯ ಸಲ ಪಾನಕದ ಕೊಳಗ ಹೊತ್ತು ತರುವಾಗ ಆ ಹೆಣ್ಣುಮಗಳು ಅಳುವುದೊಂದು ಬಾಕಿ. ದೇವೀರಮ್ಮ ಕಡತವನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದಳು. ಬರಹ ಸರಿಯಾಗಿತ್ತು. ಹಾಗಾದರೆ ಕಂಪೈಲರ್ ಹೊಸ ಬರಹವನ್ನು ಓದುತ್ತಲೇ ಇಲ್ಲ, ಪೆಟ್ಟಿಗೆಯಲ್ಲಿರುವ ಹಳೆಯ ತುಂಡನ್ನೇ ಎತ್ತಿಕೊಳ್ಳುತ್ತಿದೆ. ಜೋಡಣೆಮನೆಯಲ್ಲಿ ತೇಗದ ಪೆಟ್ಟಿಗೆಯೊಂದಿದೆ. ಬದಲಾಗದ ಕಡತಗಳ ತುಂಡುಗಳನ್ನು ಪ್ರತಿ ವರ್ಷ ಹೊಸದಾಗಿ ಮಾಡುವ ಶ್ರಮ ಯಾಕೆಂದು ಅದರಲ್ಲಿ ಇಟ್ಟಿರುತ್ತಾರೆ. "ಹಳೇ ತುಂಡು ಅಡ್ಡ ಕೂತದೆ. ಗುಡಿಸಿಬಿಡಾಣ," ಎಂದಳು. ಒಂದು ತುಂಡನ್ನಲ್ಲ, ಇಡೀ ಪೆಟ್ಟಿಗೆಯನ್ನು. ಮನೆ ಗುಡಿಸುವವರು ಒಂದು ಮೂಲೆ ಗುಡಿಸಿ ನಿಲ್ಲಿಸುತ್ತಾರೆಯೇ? ಪೆಟ್ಟಿಗೆ ಗುಡಿಸಬಾರದು ಎಂದು ನನಗಿಂತ ಮುಂಚೆ ಓದುತ್ತಿದ್ದ ಮುದುಕ ನನಗೊಮ್ಮೆ ಹೇಳಿದ್ದ. ಯಾಕೆಂದು ನಾನು ಕೇಳಿರಲಿಲ್ಲ. ಅವಳಿಗೆ ಹೇಳಲೂ ಇಲ್ಲ. ನನ್ನ ಕೆಲಸ ಓದುವುದು ಎಂದುಕೊಂಡೆ.

ದೀಪದ ಮನೆಯ ತಪ್ಪು ಹೋಯಿತು. ಎಲ್ಲ ಕಡತಗಳೂ ಮೊದಲಿನಿಂದ ತುಂಡಾದವು. ಮೂರನೆಯ ದಿನ ಮಧ್ಯಾಹ್ನ ಹೊಲಿಯಲು ಕೂತಾಗ ಒಂದು ಸಾಲು ಬಂತು. ನಾನು ಜಗಲಿಗೆ ಬಂದು ಓದಿದೆ: "ತಣಿಸು. ನಲವತ್ತೊಂದು ಕಡೆ ಕರೆದಿದ್ದಾರೆ. ಎಲ್ಲಿಯೂ ಇಲ್ಲ."

ಯಾರೂ ಓಡಿ ಬರಲಿಲ್ಲ, ಏಕೆಂದರೆ ಯಾವ ಮನೆಯ ಹೆಸರೂ ಇರಲಿಲ್ಲ. ಒಂದು ಕಡತ ಇನ್ನೊಂದರ ಕೆಲಸವನ್ನು ಹೆಸರು ಹಿಡಿದು ಕರೆಯುತ್ತದೆ, ಇಲ್ಲಿ 'ತಣಿಸು' ಎಂದು ಕರೆದವರಿಗೆ ಓಗೊಡುವ ಕಡತವೇ ಇರಲಿಲ್ಲ. ಆಮೇಲೆ ಮುದುಕರು ನೆನಪಿಸಿಕೊಂಡರು: ಬಿಸಿಯಾದದ್ದು ಆರುವ ಕಡತ ಕಮ್ಮಾರ ಕಾಳಾಚಾರಿಯದು. ಅವನು ಸತ್ತು ನಲವತ್ತು ವರ್ಷ. ವಾರಸುದಾರರಿಲ್ಲ, ಮನೆಯ ಮಾಡು ಕುಸಿದು ಕಡತವನ್ನು ಗೆದ್ದಲು ತಿಂದಿತ್ತು. ಬರಹ ಹೋದರೂ ಅವನು ಇದ್ದಾಗ ಮಾಡಿದ ತುಂಡು ಪೆಟ್ಟಿಗೆಯಲ್ಲಿತ್ತು. ವರ್ಷ ವರ್ಷವೂ ಅದನ್ನೇ ಹೊಲಿಯುತ್ತಿದ್ದರು. ಈಗ ಅದೂ ಕಸದ ಜೊತೆ ಹೋಗಿತ್ತು. ದೇವೀರಮ್ಮ ತಿಪ್ಪೆಯಲ್ಲಿ ಕೈಯಾಡಿಸಿ ನೋಡಿ ಬಂದು ಕೈ ತೊಳೆದುಕೊಂಡಳು. ಅವಳ ಮುಖ ಬಿಳಿಚಿತ್ತು.

ಅಷ್ಟರಲ್ಲಿ ಬಾವಿಕಟ್ಟೆಯಿಂದ ಖಾಲಿ ಕೊಡ ಹಿಡಿದವರು ಬರತೊಡಗಿದರು. ಊರ ಯಜಮಾನ ಮರಿಬಸಯ್ಯನಿಗೂ ಜೋಡಣೆಯ ಕೆಲಸ ಅಷ್ಟಿಷ್ಟು ಗೊತ್ತಿತ್ತು. ಅವನು ಹೆಂಗಸರನ್ನೊಮ್ಮೆ ನೋಡಿ, ದೇವೀರಮ್ಮನನ್ನೊಮ್ಮೆ ನೋಡಿ ಹೇಳಿದ: "ಹೆಸರು ಇಲ್ಲ ಅಂತ ತಾನೇ ಅದರ ತಕರಾರು? ಹೆಸರೊಂದು ಬರ್ದು ಒಳಗೆ ಖಾಲಿ ಬುಟ್ಬುಡವ್ವ. ನೀರು ಬರ್ಲಿ ಮೊದ್ಲು. ಮಿಕ್ಕಿದ್ದು ಆಮೇಲೆ ನೋಡ್ಕಳಾಣ."

ಅವಳು ಎರಡು ಸಾಲು ಬರೆದಳು. ಯಾರು ಏನು ಕೊಟ್ಟರೂ ತೆಗೆದುಕೊಂಡು, ಏನೂ ಮಾಡದೆ ಹಿಂತಿರುಗುವ 'ತಣಿಸು'. ಕಂಪೈಲರ್ ಕಮಕ್ ಕಿಮಕ್ ಎನ್ನಲಿಲ್ಲ. ತಿರುಳು ಎದ್ದಿತು, ಗಂಟೆ ಹೊಡೆಯಿತು, ಕೊಡ ತುಂಬಿತು. ತಪ್ಪಿಲ್ಲದೆ ಮುಗಿದದ್ದೆಲ್ಲ ಸರಿಯಾಗಿದೆ ಎಂದು ನಂಬುವ ಚಟ ನಮ್ಮೂರಿಗೆ ಹಿಂದಿನಿಂದ ಇದೆ. ಎಲ್ಲರೂ ಪಾನಕ ಕುಡಿದು ಮನೆಗೆ ಹೋದರು.

ಮಾರನೆಯ ದಿನ ಬೆಳಿಗ್ಗೆ ಪದ್ದಣ್ಣನ ಹೋಟೆಲಿನಲ್ಲಿ ಗೊತ್ತಾಯಿತು. ಲೋಟದಿಂದ ಬಟ್ಟಲಿಗೆ, ಬಟ್ಟಲಿನಿಂದ ಲೋಟಕ್ಕೆ ಎಷ್ಟು ಸುರಿದರೂ ಕಾಫಿ ಕುದಿಯುತ್ತಲೇ ಇತ್ತು. ತಣ್ಣೀರು ಬೆರೆಸಿದವರಿಗೆ ಒಂದು ಗುಟುಕು ತಣ್ಣಗೆ, ಮುಂದಿನ ಗುಟುಕು ಸುಡುಸುಡು. ಕಾಯಿಸಿದ ಹಾಲು ಹೆಪ್ಪು ಹಾಕುವ ಹದಕ್ಕೆ ಇಳಿಯದೆ ಊರಿಗೆ ಮೊಸರಿಲ್ಲದಾಯಿತು. ಕೈ ಕೆಸರು ಮಾಡಿಕೊಂಡವರಿಗೂ ಬಾಯಿಗೆ ಮಜ್ಜಿಗೆಯಿಲ್ಲ ಎಂದು ಗದ್ದೆಯವರು ನಕ್ಕರು. ಕುಲುಮೆಯಲ್ಲಿ ಕುಡುಗೋಲು ನೀರಿಗದ್ದಿದರೂ ಕೆಂಪಗೇ ಉಳಿಯಿತು. ಬೀದಿಯ ಚಪ್ಪಡಿಗಳು ದಿನದಿಂದ ದಿನಕ್ಕೆ ಕಾಯುತ್ತಾ ಹೋದವು. ಜನ ಕಾಲಿಗೆ ಗೋಣಿತಾಟು ಕಟ್ಟಿಕೊಂಡು ನಡೆದರು, ನಾಯಿಗಳು ಗೋಡೆಯ ಮೇಲೆ ನಡೆದವು.

ಒಂದು ವಾರದಲ್ಲಿ ಒಗ್ಗಿಕೊಂಡೆವು. ಒಗ್ಗಿಕೊಳ್ಳುವುದರಲ್ಲಿ ನಮ್ಮನ್ನು ಮೀರಿಸುವವರಿಲ್ಲ. ಹಂಡೆಗೆ ಒಂದು ದಿನ ಉರಿ ಹಾಕಿದರೆ ವಾರವೆಲ್ಲ ಸ್ನಾನ. ಪದ್ದಣ್ಣ ಬೆಳಗಿನ ಒಂದೇ ಒಲೆಯಲ್ಲಿ ಸಂಜೆಯವರೆಗೆ ಹೋಟೆಲು ನಡೆಸಿ, "ಸರಿಪಡಿಸೋಕೆ ಅವಸರ ಏನಿಲ್ಲ ದೇವೀರಕ್ಕ," ಎಂದು ಹೇಳಿ ಕಳಿಸಿದ. ಓಂಕಾರಪ್ಪನ ಇಸ್ತ್ರಿಪೆಟ್ಟಿಗೆಗೂ ಇದ್ದಿಲು ಬೇಡವಾಯಿತು. "ಹೆಂಡ್ತಿ ತಪ್ಪು ಮಾಡಿದ್ರೆ ಗಂಡಂಗೆ ಲಾಭ ಆಗೋದು ಇದೇ ಮೊದ್ಲು ಕಣೋ," ಎಂದು ನನಗೆ ಹೇಳಿ ನಕ್ಕ. ಅವಳು ನಗಲಿಲ್ಲ. ಅವಳಿಗೆ ಮುಂದಿನದು ಕಂಡಿತ್ತು ಎಂದು ನನಗೆ ಈಗ ಅನ್ನಿಸುತ್ತದೆ.

ಹತ್ತನೆಯ ದಿನ ಊರಿಗೆ ಜ್ವರ ಕಾಲಿಟ್ಟಿತು. ಪ್ರತಿ ಬೇಸಿಗೆಯಲ್ಲೂ ಬರುವ ಮೂರು ದಿನದ ಸಣ್ಣ ಜ್ವರ. ಈ ಸಲ ಬಂದದ್ದು ಇಳಿಯಲಿಲ್ಲ. ಓಂಕಾರಪ್ಪ ಮಲಗಿದವರಲ್ಲಿ ಐದನೆಯವನು. ದೇವೀರಮ್ಮ ಹಣೆಗೆ ಒದ್ದೆ ಬಟ್ಟೆ ಹಾಕಿದಳು. ಬಟ್ಟೆ ತಣ್ಣಗೇ ಇತ್ತು, ಹಣೆ ಬಿಸಿಯಾಗೇ ಇತ್ತು, ಒಂದಕ್ಕೊಂದು ಪರಿಚಯವೇ ಇಲ್ಲ. "ನನ್ನ ಹೊಟ್ಟೆ ಮೇಲೆ ರೊಟ್ಟಿ ತಟ್ಟೇ, ಸೌದೆ ಉಳೀತದೆ," ಎಂದು ಮೊದಲ ದಿನಗಳಲ್ಲಿ ತಮಾಷೆ ಮಾಡುತ್ತಿದ್ದ. ಮಲಗಿದ ಹನ್ನೆರಡನೆಯ ದಿನಕ್ಕೆ ಮಾತು ನಿಂತಿತು. ಪಂಡಿತರು ನಾಡಿ ಹಿಡಿದು, ಇನ್ನೊಂದು ವಾರ ಹೀಗೇ ಕಾದರೆ ಉಳಿಯುವುದಿಲ್ಲ ಎಂದು ಅವಳ ಮುಖಕ್ಕೇ ಹೇಳಿದರು. ಆಗ ಊರಿನಲ್ಲಿ ಹದಿನೇಳು ಜನ ಮಲಗಿದ್ದರು.

ವರ್ಷದ ನಡುವೆ ತಿರುಳು ಕಟ್ಟುವ ಪದ್ಧತಿ ನಮ್ಮಲ್ಲಿಲ್ಲ. ಮರಿಬಸಯ್ಯ ಪಂಚರನ್ನು ಸೇರಿಸಿ ಒಂದು ಸಲಕ್ಕೆ ಒಪ್ಪಿಗೆ ಕೊಡಿಸಿದ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತಾಯಿತು, ಆದರೆ ತೋಡಿದ್ದಂತೂ ನಿಜ. ದೇವೀರಮ್ಮ ಕಾಳಾಚಾರಿಯ ಬರಹವನ್ನು ಹೊಸದಾಗಿ ಬರೆಯಬೇಕಿತ್ತು. ಬಿಸಿ ಹೇಗೆ ಆರುತ್ತದೆ ಎಂದು ಮನೆ ಮನೆಗೆ ಹೋಗಿ ಕೇಳಿದಳು. ನಾನು ಗುರುತು ಹಾಕಿಕೊಳ್ಳುತ್ತಾ ಹಿಂದೆ ಹೋದೆ. ಬಾಣಂತಿಯೊಬ್ಬಳು ಮಗು ಮಲಗುವಷ್ಟರಲ್ಲಿ ಹಾಲು ಆರುತ್ತದೆ ಎಂದಳು. ಪದ್ದಣ್ಣ, ಗಿರಾಕಿ ಜಗಳ ತೆಗೆದರೆ ಕಾಫಿ ಬೇಗ ಆರುತ್ತದೆ ಎಂದ. ಕುಲುಮೆಯವನು ತಲೆ ಕೆರೆದುಕೊಂಡು, ಅದು ತನಗೆ ತಾನೇ ಆರ್ತಿತ್ತು, ಯಾರು ನೋಡಿದ್ರು ಎಂದ. ದಿನವೂ ಕಂಡದ್ದನ್ನು ಒಬ್ಬರೂ ನೋಡಿರಲಿಲ್ಲ. ಕೊನೆಗೆ ಅವಳು ತನಗೆ ತೋಚಿದಂತೆ ಬರೆದಳು: ಬಿಸಿಯಾದ ವಸ್ತುವನ್ನು ತೆಗೆದುಕೋ, ಗಳಿಗೆಗೊಂದು ಪಾಲು ಬಿಸಿ ಕಡಿಮೆ ಮಾಡು, ಸುತ್ತಲಿನ ಹದಕ್ಕೆ ಬಂದಾಗ ನಿಲ್ಲಿಸು.

ಕಂಪೈಲರ್ ಒಂದೇ ಉಸಿರಿಗೆ ನಲವತ್ತೊಂದು ತಪ್ಪು ಉಗುಳಿತು. ಮೊದಲನೆಯದನ್ನು ಓದಿದೆ: "ಕಾಫಿ ಕಡತ, ಒಂಬತ್ತನೇ ಸಾಲು. ತಣಿಸು. ಕೊಟ್ಟದ್ದು ಎರಡು, ಕೇಳಿದ್ದು ಒಂದು."

ಪದ್ದಣ್ಣ ಜಗಲಿ ಹತ್ತಿ ಬಂದ. "ನಂದೇನೂ ತಪ್ಪಿಲ್ಲ, ಪಾನಕ ಗೀನಕ ಕೇಳ್ಬೇಡಿ. ನಮ್ಮಪ್ಪನ ಕಾಲದಿಂದ ಅಲ್ಲಿ ಎರಡೇ ಇರೋದು."

ದೇವೀರಮ್ಮ ಒಳಗಿನಿಂದ ಮಿಕ್ಕ ಸಾಲುಗಳನ್ನು ನೋಡಿ ಬಂದಳು. ನಲವತ್ತೊಂದು ಮನೆಯವರೂ 'ತಣಿಸು' ಎಂದು ಕರೆದ ಕಡೆಯಲ್ಲೆಲ್ಲ ಎರಡೆರಡು ಕೊಟ್ಟಿದ್ದರು. ಒಂದು, ಆರಬೇಕಾದದ್ದು. ಇನ್ನೊಂದು ಯಾಕೆಂದು ಯಾರಿಗೂ ಗೊತ್ತಿಲ್ಲ. ಹಿಂದಿನವರು ಬರೆದಿದ್ದರು, ಇವರೂ ಬರೆದರು. ಅವಳ ಖಾಲಿ ಬರಹ ಏನು ಕೊಟ್ಟರೂ ನುಂಗುತ್ತಿದ್ದುದರಿಂದ ಮೊದಲು ಇದು ಹೊರಗೆ ಬಂದಿರಲಿಲ್ಲ. ಊರಿಗೆ ಬಂದವಳು ನೀರಿಗೆ ಬರದಿರುತ್ತಾಳೆಯೇ, ಈಗ ಬಂದಿತ್ತು.

"ಬೇಡದ್ದು ಹೊಡೆದಾಕ್ಸಿ," ಎಂದ ಮರಿಬಸಯ್ಯ. "ನಲವತ್ತೊಂದು ಮನೆಯೋರೂ ಬರ್ಲಿ, ಎರಡ್ನೇದನ್ನ ಕಾಟು ಹಾಕ್ಲಿ. ಸಂಜೆಯೊಳಗೆ ಮುಗೀತದೆ." ಅವನದೂ ಕೆಟ್ಟ ಬುದ್ಧಿಯಲ್ಲ, ಹದಿನೇಳು ಮನೆಗೆ ಉತ್ತರ ಹೇಳಬೇಕಾದವನ ಅವಸರ. ದೇವೀರಮ್ಮನೂ ಹೂಂ ಎಂದಳು. ಗಂಡ ಬೆಳಿಗ್ಗೆ ಅವಳ ಗುರುತು ಹಿಡಿದಿರಲಿಲ್ಲ.

ಜನ ಸಾಲಾಗಿ ಬಂದು ಕೂತು ಕಾಟು ಹಾಕತೊಡಗಿದರು. ಮೈಯ ಕಡತ ಸೂಲಗಿತ್ತಿ ಹನುಮಕ್ಕನದು. ಎಂಬತ್ತರ ಮುದುಕಿ, ಕಣ್ಣು ಮಂಜು. ಅವಳು ಲೇಖನಿ ಮುಟ್ಟಲಿಲ್ಲ. "ನಂಗೆ ಓದಕ್ಕೆ ಕಾಣಕ್ಕಿಲ್ಲ," ಎಂದಳು. "ಹೊಡೆದಾಕೋ ಮುಂಚೆ ಅಲ್ಲಿ ಏನದೆ ಅಂತ ಒಂದ್ಸಲ ಹೇಳವ್ವ. ನಮ್ಮತ್ತೆ ಕೊಟ್ಟಿದ್ದು. ಕೇಳದೆ ಹೆಂಗೆ ಕುಯ್ಯಾನ?"

ದೇವೀರಮ್ಮ ಓದಿದಳು: "ತಣಿಸು. ಮೈ. ಪಕ್ಕದಲ್ಲಿ ಕೂತವರು."

ಹನುಮಕ್ಕ ತಲೆಯಾಡಿಸಿದಳು. ಅವಳಿಗೆ ಅದರಲ್ಲಿ ಹೊಸದೇನೂ ಕಾಣಲಿಲ್ಲ. ಆದರೆ ದೇವೀರಮ್ಮ ಎದ್ದು ನಿಂತಳು. ಕಾಟು ಹಾಕುತ್ತಿದ್ದವರ ಕೈಯಿಂದ ಕಡತಗಳನ್ನು ಕಸಿದು ಕಸಿದು ಓದಿದಳು. ಕಾಫಿ, ಲೋಟ. ಅನ್ನ, ತಟ್ಟೆ. ಕಬ್ಬಿಣ, ನೀರು. ಚಪ್ಪಡಿ, ಗಾಳಿ. ನಲವತ್ತೊಂದು ಕಡೆಯೂ ಹಾಗೇ. ಓದುತ್ತಾ ಅವಳ ದನಿ ಏರಿತು.

"ಬಿಸಿ ಕಡಿಮೆ ಮಾಡು ಅಂತ ಬರ್ದಿದ್ನಲ್ಲೋ ಚೆಲುವ," ಎಂದಳು. "ಕಡಿಮೆ ಎಲ್ಲಿಗಾಗ್ತದೆ? ಅದೇನು ಹಾಳಾಗಿ ಹೋಗ್ತದಾ? ಯಾರಾದ್ರೂ ಈಸ್ಕೋಬೇಕು. ಕಾಳಾಚಾರಿ ಕಮ್ಮಾರ. ಕಬ್ಬಿಣ ಅದ್ದಿದಾಗ ನೀರು ಕುದಿಯೋದು ದಿನಾ ಕಂಡೋನು. ಯಾರಿಗೆ ಕೊಡ್ಲಿ ಅಂತ ಅವನು ಕೇಳ್ತಿದ್ದ. ನಾನು ಕೇಳ್ಲೇ ಇಲ್ಲ."

ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳಲು ಹೊರಟಿದ್ದವರೆಲ್ಲ ಕಾಟು ಹಾಕಿದ್ದನ್ನು ಮತ್ತೆ ಬರೆದು ಕೊಟ್ಟರು. ಅವಳು ಅಲ್ಲೇ ಕೂತು ತನ್ನದನ್ನು ತಿದ್ದಿದಳು. ಇದರಿಂದ ತೆಗೆ, ಅದಕ್ಕೆ ಕೊಡು. ಎರಡು ದಿನದಲ್ಲಿ ಎಲ್ಲ ಕಡತಗಳೂ ತಪ್ಪಿಲ್ಲದೆ ತುಂಡಾದವು. ಹೊಲಿಯುವುದೊಂದೇ ಉಳಿದಾಗ ಮರಿಬಸಯ್ಯ ಕೇಳಿದ: "ಪಕ್ಕದಲ್ಲಿ ಯಾರೂ ಕೂತಿಲ್ಲ ಅಂದ್ರೆ?"

"ಕೊಡೋಕೆ ಹೋಗಿ ಜಾಗ ಸಿಗದೆ ತಿರುಳು ಅಲ್ಲೇ ಮುಗ್ಗರಿಸ್ತದೆ. ಊರೆಲ್ಲ ನಿಲ್ತದೆ."

"ಹಂಗಾರೆ ಒಂದು ಸಾಲು ಸೇರಿಸವ್ವ. ಯಾರೂ ಇಲ್ದಿದ್ರೆ ಸುಮ್ನೆ ಬಂದ್ಬುಡು ಅಂತ."

"ಸೇರಿಸ್ಬೋದು," ಎಂದಳು ದೇವೀರಮ್ಮ. "ಊರು ನಿಲ್ಲಲ್ಲ. ಒಬ್ಬಂಟಿ ಮಲಗಿರೋರ ಜ್ವರ ಮಾತ್ರ ಇಳಿಯಲ್ಲ, ಅದು ಯಾರಿಗೂ ಗೊತ್ತಾಗೋದೂ ಇಲ್ಲ. ಏನೂ ಮಾಡದೇ ಇರೋದನ್ನ ಒಂದ್ಸಲ ಬರ್ದು ನೋಡಿದೀನಿ ಯಜಮಾನ್ರೇ. ಇನ್ನೊಂದ್ಸಲ ನನ್ನ ಕೈಲಿ ಬರೆಸ್ಬೇಡಿ. ಜನ ಕಳಿಸಿ."

ಮರಿಬಸಯ್ಯ ಎದ್ದು ಹೋದ. ಹದಿನಾರು ಮನೆಗೆ ಜನರನ್ನು ಗೊತ್ತು ಮಾಡಿದ. ಊರಾಚೆಯ ಗುಡಿಸಲಿನಲ್ಲಿ ತಮಟೆಯ ಮುದುಕನೊಬ್ಬ ಒಂಟಿಯಾಗಿ ಮಲಗಿದ್ದ. ಯಾರೂ ಒಪ್ಪದಿದ್ದಾಗ ಅವನ ಪಕ್ಕಕ್ಕೆ ತಾನೇ ಹೋಗಿ ಕೂತ. ಎಲ್ಲರ ಬಾಯಲ್ಲೂ ಇದ್ದ ಪ್ರಶ್ನೆ ಒಂದೇ: ಇಷ್ಟು ದಿನ ಕಾದ ಜ್ವರ ಪಕ್ಕದವರನ್ನು ಏನು ಮಾಡುತ್ತದೆ? ದೇವೀರಮ್ಮನಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದೇ ಹೇಳಿದಳು.

ಹದಿನಾರು ಮನೆಗಳಿಂದ ಜನ ಕೂತರೆಂಬ ಸುದ್ದಿ ಬಂತು. ಹದಿನೇಳನೆಯದು ಅವಳದೇ ಮನೆ, ಅಲ್ಲಿ ಅವಳೇ ಕೂರುತ್ತಾಳೆಂದು ಯಜಮಾನ ಬಿಟ್ಟಿದ್ದ. ಹೊಲಿಯುವ ಕೈ ಅವಳೊಬ್ಬಳದೇ, ಗಂಟೆ ಹೊಡೆಯುವವರೆಗೆ ಅಲ್ಲಾಡುವಂತಿಲ್ಲ. ಅವಳು ನನ್ನ ಕಡೆ ನೋಡಿದಳು. ನಾನು ಗೋಡೆಯ ಕಡೆ ನೋಡಿದೆ. ಹದಿನೆಂಟು ವರ್ಷ ಬೇರೆಯವರ ತಪ್ಪು ಓದಿ ಮನೆಗೆ ಹೋಗಿ ಉಂಡು ಮಲಗಿದವನು ನಾನು. ನನಗೆ ಹೋಗಲು ಇಷ್ಟವಿರಲಿಲ್ಲ. ಇದನ್ನು ಪದ್ದಣ್ಣನ ಹೋಟೆಲಿನಲ್ಲಿ ಯಾರೂ ಹೇಳುವುದಿಲ್ಲ, ಆದ್ದರಿಂದ ನಾನೇ ಹೇಳುತ್ತಿದ್ದೇನೆ.

"ತಪ್ಪು ಬಂದ್ರೆ ನಾನೇ ಓದ್ಕೋತೀನಿ," ಎಂದಳು. "ನೀನು ಹೋಗಪ್ಪ."

ಹೋದೆ. ಭಾವ ಚಾಪೆಯ ಮೇಲೆ ಒಣಗಿದ ತುಟಿ ತೆರೆದು ಮಲಗಿದ್ದ. ನಾನು ಗೋಡೆಗೆ ಒರಗಿ ಕೂತೆ. ಪಕ್ಕ ಅಂದರೆ ಎಷ್ಟು ಪಕ್ಕ ಎಂದು ಅವಳನ್ನು ಕೇಳಿರಲಿಲ್ಲ. ಮೊದಲು ಒಂದು ಮೊಳ ದೂರ ಕೂತಿದ್ದೆ. ಆಮೇಲೆ ಸರಿದು ಅವನ ಕೈ ಹಿಡಿದುಕೊಂಡೆ. ಸುಟ್ಟುಕೊಂಡಂತಾಯಿತು. ಕಣ್ಣು ಬಿಡದೆ ಅವನು, "ಬಂದ್ಯಾ?" ಎಂದ. ಅವಳೆಂದು ತಿಳಿದಿದ್ದ. ನಾನು ಹೂಂ ಎಂದೆ.

ಗಂಟೆ ಹೊಡೆಯಿತು. ಮೊದಲು ಏನೂ ಆಗಲಿಲ್ಲ. ಆಮೇಲೆ ಬಿಸಿ ನನ್ನ ಅಂಗೈಯಿಂದ ಮೊಣಕೈಗೆ, ಅಲ್ಲಿಂದ ಭುಜಕ್ಕೆ ಏರಿತು. ಕೈ ಬಿಟ್ಟು ಓಡೋಣ ಅನ್ನಿಸಿತು. ಬಿಡಲಿಲ್ಲ. ಯಾಕೆ ಬಿಡಲಿಲ್ಲ ಎಂದು ಕೇಳಿದರೆ ಹೇಳಲಾರೆ, ಆ ಹೊತ್ತಿಗೆ ಅವನ ಹಣೆಯ ಮೇಲೆ ಬೆವರು ಕಂಡಿತ್ತು. ಅದು ಹುಬ್ಬಿನ ಹತ್ತಿರ ಸೇರಿ ಕಿವಿಯ ಕಡೆ ಹರಿಯಿತು. ಎರಡು ವಾರ ದಾಟಿದ ಮೇಲೆ ಬಂದ ಬೆವರು. ನನ್ನ ಹಲ್ಲು ಕಟಕಟ ಎನ್ನುತ್ತಿದ್ದರೂ ನಾನು ಅದನ್ನೇ ನೋಡುತ್ತಾ ಕೂತೆ, ನನಗೆ ಅಳು ಬಂತು.

ದೇವೀರಮ್ಮ ಓಡಿ ಬಂದಳು. ಅಂಗೈಯನ್ನು ಮೊದಲು ಅವನ ಹಣೆಗಿಟ್ಟಳು, ಆಮೇಲೆ ನನ್ನ ಹಣೆಗಿಟ್ಟಳು. ಗಂಡ ಕಣ್ಣು ತೆರೆದು ನೀರು ಕೇಳಿದ. ಅವಳು ನೀರು ಕುಡಿಸಿದಳು. ಅವನ ಪಕ್ಕದಲ್ಲಿ ಕೂರುತ್ತಾಳೆ ಎಂದುಕೊಂಡೆ. ಕೂರಲಿಲ್ಲ. ನನ್ನನ್ನು ಚಾಪೆಯ ಆ ತುದಿಯಲ್ಲಿ ಮಲಗಿಸಿ, ನನ್ನ ಪಕ್ಕದಲ್ಲಿ ಕಾಲು ಚಾಚಿ ಕೂತು ಕೈ ಹಿಡಿದುಕೊಂಡಳು.

"ಬೇಡಕ್ಕ, ನಿಂಗೆ ಬರ್ತದೆ," ಎಂದೆ.

"ಬರ್ಲಿ. ಅರ್ಧ ಬರ್ಲಿ," ಎಂದಳು. "ಆಮೇಲೆ ನಂಗೆ ಹನುಮಕ್ಕ ಬತ್ತೀನಿ ಅಂದವಳೆ. ಅವಳಿಗೆ ಇನ್ಯಾರೋ ಬತ್ತಾರೆ. ನೀನು ಮಲಗು."